ಸೋಮಾರಿ ಯಾರು, ಹೊರಗಿನವನು ಯಾರು?



ಸೇರ್ವರಾಯನ್ ಬೆಟ್ಟದ ತೋಟಗಳಲ್ಲಿ ಈಗ ಎರಡು ಮಾತು ಓಡಾಡುತ್ತಿವೆ. ಒಂದು ಬಂಗಲೆಯಿಂದ ಇಳಿದು ಬಂದದ್ದು: "ಊರಿನ ಆಳುಗಳು ಸೋಮಾರಿಗಳು, ಮಾತು ಜಾಸ್ತಿ. ಹಿಂದಿಯವರು ನೋಡಿ, ಬೆಳಗಿನಿಂದ ಸಂಜೆಯವರೆಗೆ ತಲೆ ಎತ್ತುವುದಿಲ್ಲ." ಇನ್ನೊಂದು ನಮ್ಮ ಲೈನು ಮನೆಗಳಲ್ಲಿ ಕೇಳಿಬರುವುದು: "ಈ ವಡಕ್ಕನ್‌ಗಳು ಬಂದು ನಮ್ಮ ಅನ್ನ ಕಿತ್ತುಕೊಂಡರು, ಇವರನ್ನು ಗಾಡಿ ಹತ್ತಿಸಿ ಕಳಿಸಬೇಕು." ಮೇಲುನೋಟಕ್ಕೆ ಇವು ಒಂದಕ್ಕೊಂದು ಎದುರು ನಿಂತ ಮಾತುಗಳು. ಒಂದು ಹೊಗಳುತ್ತದೆ, ಇನ್ನೊಂದು ತೆಗಳುತ್ತದೆ. ಆದರೆ ಎರಡರಿಂದಲೂ ಲಾಭ ಒಬ್ಬನಿಗೇ. ಮೊದಲನೆಯ ಮಾತನ್ನು ಧಣಿ ತಾನೇ ಹೇಳುತ್ತಾನೆ. ಎರಡನೆಯದನ್ನು ನಮ್ಮ ಬಾಯಿಂದ ಹೇಳಿಸುತ್ತಾನೆ. ಇದನ್ನೇ ಈ ಸಲ ಬಿಡಿಸಿ ಬರೆಯಬೇಕೆಂದಿದ್ದೇವೆ. ಓದಲು ಬಾರದವರಿಗೆ ಓದಬಲ್ಲವರು ಓದಿ ಹೇಳಿರಿ.

ಮೊದಲು ಧಣಿಯ ಮಾತು. ಇದು ಹೊಸದೇನೂ ಅಲ್ಲ. ನೂರೈವತ್ತು ವರ್ಷಕ್ಕೂ ಮೇಲಿಂದ ತೋಟದ ಯಜಮಾನರು ಇದನ್ನೇ ಹೇಳುತ್ತ ಬಂದಿದ್ದಾರೆ. ಜನರ ಹೆಸರು ಮಾತ್ರ ಬದಲಾಗುತ್ತ ಬಂದಿದೆ. ಸಿಲೋನಿನಲ್ಲಿ ಬಿಳಿಯ ದೊರೆಗಳು ಮೊದಲು ಕಾಫಿ, ಆಮೇಲೆ ಟೀ ಬೆಳೆಸಲು ಹೊರಟಾಗ ಅಲ್ಲಿನ ಸಿಂಹಳದ ರೈತನನ್ನು ಸೋಮಾರಿ ಎಂದರು. ಅವನಿಗೆ ತನ್ನದೊಂದು ಗದ್ದೆ ಇತ್ತು. ವರ್ಷವೆಲ್ಲ ದೊರೆಯ ಕೈಕೆಳಗೆ ನಿಲ್ಲಬೇಕಾದ ಗರಜು ಅವನಿಗಿರಲಿಲ್ಲ. ಅದಕ್ಕೇ ಸೋಮಾರಿ! ಆಗ "ಒಳ್ಳೆಯ ಕೂಲಿ, ಬಗ್ಗಿ ನಡೆಯುವ ಕೂಲಿ" ಎಂದು ಹೊಗಳಿಸಿಕೊಂಡು ಹಡಗು ಹತ್ತಿದವರು ಯಾರು? ತಿರುಚಿ, ತಂಜಾವೂರು, ಮಧುರೆ, ಸೇಲಂ ಜಿಲ್ಲೆಗಳ ಬಡವರು. ನಮ್ಮವರು. ಮಲಯದ ರಬ್ಬರ್ ತೋಟಗಳಲ್ಲಿಯೂ ಇದೇ ಕತೆ ನಡೆಯಿತು. ಅಲ್ಲಿ ಮಲಾಯಿ ಸೋಮಾರಿ, ತಮಿಳು ಕೂಲಿ ಕಷ್ಟಜೀವಿ. ಮಲೇಷ್ಯಾದ ಸಮಾಜಶಾಸ್ತ್ರಜ್ಞ ಸೈಯದ್ ಹುಸೇನ್ ಅಲಾತಾಸ್ 1977ರಲ್ಲಿ ಈ 'ಸೋಮಾರಿ ನಾಡಿಗ'ನ ಕಟ್ಟುಕತೆಯ ಮೇಲೆಯೇ ಒಂದು ದೊಡ್ಡ ಪುಸ್ತಕ ಬರೆದರು. ದೊರೆಗಳು ಹೇಳಿದ ಕೂಲಿಗೆ, ದೊರೆಗಳು ಹೇಳಿದ ಹಾಗೆ ದುಡಿಯಲು ಒಪ್ಪದವನಿಗೆಲ್ಲ ಸೋಮಾರಿ ಎಂಬ ಹೆಸರು ಬಿತ್ತು ಎಂದು ಅದರಲ್ಲಿ ತೋರಿಸಿದರು.

ನಮ್ಮ ಅಜ್ಜ ಮುತ್ತಜ್ಜಂದಿರು ಕಷ್ಟಜೀವಿಗಳಾದದ್ದು ಹೇಗೆಂದು ನೆನೆದುಕೊಳ್ಳಿ. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಸೇಲಂ ಜಿಲ್ಲೆ ಬೆಂದುಹೋಯಿತು. ಬರ ಪರಿಹಾರದ ಕೆಲಸಕ್ಕೆ ಸರಕಾರ ಕಟ್ಟಿದ ಕೂಲಿ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಒಂದಾಣೆ. ಅಂದರೆ ಅರ್ಧ ಕಿಲೋಕ್ಕೂ ಕಡಿಮೆ ಕಾಳು. ಅದನ್ನು ತಿಂದು ಮಣ್ಣು ಹೊರಬೇಕು. ಅಂಥ ಊರಿನಿಂದ ಕಂಗಾಣಿ ಒಬ್ಬ ಬಂದು ಮುಂಗಡ ಕೊಟ್ಟು ಕರೆದರೆ ಯಾರು ಹೋಗುವುದಿಲ್ಲ? ಹಸಿವಿನಿಂದ ಹೋದವನು ತಲೆ ಎತ್ತದೆ ದುಡಿದ. ಅದನ್ನು ನೋಡಿ ಬಂಗಲೆಯವರು ಅದು ಅವನ ಜಾತಿಯ ಗುಣವೆಂದರು.

ಇಂಥ ಮಾತಿಗೆ ಅಂದಿನ ಪಂಡಿತರ ಸಾಕ್ಷಿಯೂ ಸಿಕ್ಕಿತು. ಮದ್ರಾಸ್ ಮ್ಯೂಸಿಯಂ ಅಧಿಕಾರಿ ಎಡ್ಗರ್ ಥರ್ಸ್ಟನ್ ಎಂಬುವರು ಊರೂರು ತಿರುಗಿ ಜನರ ಮೂಗು, ತಲೆ ಅಳೆದು ಬರೆದುಕೊಂಡರು. 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ ಏಳು ಸಂಪುಟ ಹೊರತಂದರು. ಮೂಗಿನ ಅಗಲದಿಂದ ಮನುಷ್ಯನ ಮಟ್ಟ ಹೇಳುವ ಶಾಸ್ತ್ರ ಅದು. ಅದಕ್ಕೂ ಮಾನವಶಾಸ್ತ್ರವೆಂದೇ ಹೆಸರು. ಈಗ ಆ ಅಳತೆಗೋಲು ಮೂಲೆ ಸೇರಿದೆ, ಒಳ್ಳೆಯದಾಯಿತು. ಆದರೆ ಬಂಗಲೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ "ಜಾರ್ಖಂಡಿನವರು ಇಂಥವರು, ಒರಿಸ್ಸಾದವರು ಅಂಥವರು" ಎನ್ನುವವರ ಕೈಯಲ್ಲಿ ಅದು ಇನ್ನೂ ಇದೆ. ನಮ್ಮ ಲೈನಿನಲ್ಲಿ ಕೂತು "ಆ ವಡಕ್ಕನ್‌ಗಳೇ ಹಾಗೆ" ಎನ್ನುವವರ ಕೈಯಲ್ಲಿಯೂ ಇದೆ.

ಇಂದಿನ ಮಾನವಶಾಸ್ತ್ರಜ್ಞರಲ್ಲಿ ಕೆಲವರು ಕೂಲಿಗಳ ನಡುವೆ ಹೋಗಿ ಕೂತು, ಎಷ್ಟು ಮುಂಗಡ, ಎಷ್ಟು ಕಡಿತ, ಕೊನೆಗೆ ಕೈಗೆ ಬಂದದ್ದೆಷ್ಟು ಎಂದು ಕೇಳುತ್ತಾರೆ. ಹಾಲೆಂಡಿನ ಯಾನ್ ಬ್ರೆಮನ್ ಅಂಥವರಲ್ಲಿ ಒಬ್ಬರು. 1960ರ ದಶಕದಿಂದ ದಕ್ಷಿಣ ಗುಜರಾತಿನ ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ ಬಂದವರು. ಬಾರ್ಡೋಲಿ ಎಂದರೆ ನಮಗೆ ಸರ್ದಾರ್ ಪಟೇಲರ ಸತ್ಯಾಗ್ರಹ ನೆನಪಾಗುತ್ತದೆ. ಅದೇ ಬಾರ್ಡೋಲಿಯ ಸುತ್ತ ಸಕ್ಕರೆ ಕಾರ್ಖಾನೆಗಳು ಎದ್ದವು. ಕಬ್ಬು ಕಡಿಯಲು ಆ ಊರುಗಳಲ್ಲೇ ಹಳಪತಿ ಎಂಬ ಭೂಮಿಯಿಲ್ಲದ ಜನ ಬೇಕಾದಷ್ಟಿದ್ದರು. ಅವರನ್ನು ಕರೆಯಲಿಲ್ಲ. ಮಹಾರಾಷ್ಟ್ರದ ಖಾನ್‌ದೇಶದಿಂದ ಮುಕದ್ದಮನ ಮೂಲಕ ಮುಂಗಡ ಕೊಟ್ಟು ತಂಡತಂಡವಾಗಿ ಕೂಲಿಗಳನ್ನು ತಂದರು. ಊರಿನ ಹಳಪತಿಗಳು ಹೊಟ್ಟೆಪಾಡಿಗೆ ತಾವೇ ಊರು ಬಿಟ್ಟು ಇಟ್ಟಿಗೆ ಗೂಡುಗಳಿಗೆ ಹೋದರು. ಊರಲ್ಲಿ ಕೆಲಸವಿದೆ, ಊರಲ್ಲಿ ಆಳೂ ಇದ್ದಾನೆ. ಆದರೂ ಊರಿನವನು ಹೊರಗೆ ಹೋಗಬೇಕು, ಹೊರಗಿನವನು ಒಳಗೆ ಬರಬೇಕು! ಯಾಕೆ?

ಬ್ರೆಮನ್ ಕೊಡುವ ಉತ್ತರ ಸೇಲಂ ಬೆಟ್ಟಕ್ಕೂ ಅಳತೆ ತೆಗೆದು ಹೊಲಿಸಿದ ಹಾಗಿದೆ. ಹೊರಗಿನಿಂದ ಬಂದವನಿಗೆ ಇಲ್ಲಿನ ಭಾಷೆ ಬಾರದು, ಬಂಧು ಬಳಗ ಇಲ್ಲ, ಮಧ್ಯಾಹ್ನ ಮನೆಗೆ ಹೋಗುವಂತಿಲ್ಲ. ಮೈಮೇಲೆ ಮುಂಗಡ ಇದೆ. ರಾತ್ರಿ ಕರೆದರೂ ಬರುತ್ತಾನೆ, ಏಕೆಂದರೆ ಮಲಗಿರುವುದೇ ಕೆಲಸದ ಜಾಗದಲ್ಲಿ. ಸುಗ್ಗಿ ಮುಗಿದ ದಿನ ಗಂಟು ಕಟ್ಟಿಕೊಂಡು ಹೋಗಿಬಿಡುತ್ತಾನೆ. ಸಂಘಕ್ಕೆ ಸೇರುವುದಿಲ್ಲ. ಸೇರಲು ಯಾರೂ ಕರೆಯುವುದೂ ಇಲ್ಲ. ಹೀಗೆ ಧಣಿ ಕೊಳ್ಳುವುದು ಅವನ ತೋಳಿನ ಬಲವನ್ನಲ್ಲ, ಅವನಿಗೆ ಯಾರೂ ಇಲ್ಲ ಎಂಬುದನ್ನು.

ನಮ್ಮ ತೋಟದ ಲೆಕ್ಕಕ್ಕೆ ಬನ್ನಿ. ಚೆಕ್‌ರೋಲಿನಲ್ಲಿ ಹೆಸರಿರುವ ನಮ್ಮ ಅಕ್ಕಂದಿರಿಗೆ ಪಿ.ಎಫ್. ಕಟ್ಟಬೇಕು, ಬೋನಸ್ ಕೊಡಬೇಕು, ಹೆರಿಗೆ ರಜೆ ಕೊಡಬೇಕು, ಬಿಟ್ಟು ಹೋಗುವಾಗ ಗ್ರಾಚ್ಯುಟಿ ಎಣಿಸಬೇಕು, ಲೈನಿನ ಹೆಂಚು ಒಡೆದರೆ ಹೊದಿಸಬೇಕು. ಇದೆಲ್ಲ ಯಾರೂ ದಾನ ಕೊಟ್ಟದ್ದಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ಬಂದ ಮೇಲೂ ಹೋರಾಡಿ ಹೋರಾಡಿ ಪಡೆದದ್ದು. ಹಣ್ಣು ಕೊಯ್ಲಿಗೆ, ಮೆಣಸು ಬಿಡಿಸುವುದಕ್ಕೆ, ಮರಗಸಿಗೆ ಮೇಸ್ತ್ರಿಯ ಕೈಯಿಂದ ಬಂದ ಹುಡುಗನಿಗೆ ಇದರಲ್ಲಿ ಎಷ್ಟು ಸಿಗುತ್ತದೆ? ಕೂಲಿ ಹಣ ಮೇಸ್ತ್ರಿಯ ಕೈಗೆ. ಅವನು ಎಣಿಸಿ ಕೊಟ್ಟದ್ದೇ ಲೆಕ್ಕ. ಹುಡುಗ ಮರದಿಂದ ಬಿದ್ದರೆ ಮೇಸ್ತ್ರಿ ಧಣಿಯ ಕಡೆ ಕೈ ತೋರಿಸುತ್ತಾನೆ, ಧಣಿ ಮೇಸ್ತ್ರಿಯ ಕಡೆ ಕೈ ತೋರಿಸುತ್ತಾನೆ. ಇಷ್ಟು ಅಗ್ಗದ ಆಳು ಸಿಕ್ಕ ಮೇಲೆ ನಾವು ಸೋಮಾರಿಗಳಾಗಿ ಕಂಡರೆ ಆಶ್ಚರ್ಯವೇನು?

ಈಗ ನಮ್ಮ ಲೈನಿನ ಮಾತಿಗೆ ಬರೋಣ. ಇಲ್ಲಿ ನಾವು ನಾವೇ ಸ್ವಲ್ಪ ಖಡಾಖಂಡಿತವಾಗಿ ಮಾತಾಡಿಕೊಳ್ಳಬೇಕು.

ಹೊರಗಿನವನು ಯಾರು? ಮನೆಯಲ್ಲಿ ಕನ್ನಡ, ತೋಟದಲ್ಲಿ ತಮಿಳು, ಪೂಜೆಯಲ್ಲಿ ಎರಡೂ ಆಡುವ ನಮ್ಮನ್ನು ಎಷ್ಟು ಸಲ ಎಷ್ಟು ಜನ "ನಿಮ್ಮದು ಯಾವ ಊರು?" ಎಂದು ಕೇಳಿಲ್ಲ? ಡೆಂಕಣಿಕೋಟೆ, ತಳಿ, ಕೊಳತ್ತೂರು ಕಡೆಯ ಕನ್ನಡದವರು ಈ ನೆಲದಲ್ಲಿ ಎಷ್ಟು ತಲೆಮಾರು ಕಳೆದರೂ ಈ ಪ್ರಶ್ನೆ ತಪ್ಪಿಲ್ಲ. 1934ರಲ್ಲಿ ಮೇಟೂರು ಅಣೆಕಟ್ಟು ಮುಗಿದಾಗ ಕಾವೇರಿ ದಡದ ಊರುಗಳು ಮುಳುಗಿದವು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಪಣ್ಣವಾಡಿಯ ಹತ್ತಿರ ಹಳೆಯ ದೇವಾಲಯದ ಜೋಡಿ ಗೋಪುರ ಮೇಲೆ ಕಾಣುತ್ತದೆ. ಜನ ಬಸ್ಸು ಮಾಡಿಕೊಂಡು ನೋಡಲು ಹೋಗುತ್ತಾರೆ. ಆ ದೇವಾಲಯದಲ್ಲಿ ಮೊಣಕಾಲೂರಿದವರ ಮಕ್ಕಳು ಮರಿಮಕ್ಕಳು ಎಲ್ಲೆಲ್ಲಿ ಚದುರಿದರು ಎಂದು ಯಾರು ಕೇಳುತ್ತಾರೆ?

ನಮ್ಮ ಮನೆಗಳ ಸಂಗತಿ ಬಿಡಿ, ಧರ್ಮಪುರಿಯ ಕಡೆ ನೋಡಿ. ಪೆನ್ನಾಗರಂ, ಹರೂರು ಸುತ್ತಿನ ಊರುಗಳಿಂದ ಗಂಡು ಹೆಣ್ಣು ಮಕ್ಕಳು ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಕೊಡಗಿಗೆ ಕಾಫಿ ಕೊಯ್ಲಿಗೆ, ತಿರುಪ್ಪೂರಿಗೆ ಬನಿಯನ್ ಕಂಪನಿಗೆ ಹೋಗದ ವರ್ಷವುಂಟೇ? ಅಲ್ಲಿ ನಮ್ಮವರೇ ಹೊರಗಿನವರು. 1991ರ ಡಿಸೆಂಬರಿನಲ್ಲಿ ಕಾವೇರಿ ಮಧ್ಯಂತರ ಆದೇಶದ ಗಲಾಟೆಯೆದ್ದಾಗ ಕರ್ನಾಟಕದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ತಮಿಳು ಕೂಲಿಗಳು ಸಾವಿರಗಟ್ಟಲೆ ಗಡಿ ದಾಟಿ ಓಡಿ ಬಂದರು. ಜಲಾಶಯದ ನೀರಿನ ಲೆಕ್ಕ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರನ್ನು ಹೊಡೆದವರು "ನಮ್ಮ ಅನ್ನ ಕಿತ್ತುಕೊಂಡವರು" ಎಂದೇ ಕೂಗಿದರು. ಇಂದು ನಮ್ಮ ಲೈನಿನಲ್ಲಿ ಕೇಳುವ ಮಾತಿಗೂ ಅದಕ್ಕೂ ಒಂದು ಅಕ್ಷರದ ವ್ಯತ್ಯಾಸವಿದ್ದರೆ ತೋರಿಸಿ.

ಇದಕ್ಕಿಂತ ಘೋರವಾದದ್ದೂ ನಡೆಯಿತು. 2015ರ ಏಪ್ರಿಲ್ 7ರಂದು ತಿರುಪತಿಯ ಹತ್ತಿರ ಶೇಷಾಚಲಂ ಕಾಡಿನಲ್ಲಿ ಆಂಧ್ರ ಪೊಲೀಸರ ಗುಂಡಿಗೆ 20 ಮಂದಿ ಸತ್ತರು. ರಕ್ತಚಂದನ ಕಡಿಯಲು ಬಂದವರೆಂದು ಹೇಳಿದರು. ಸತ್ತವರು ತಿರುವಣ್ಣಾಮಲೈ, ಧರ್ಮಪುರಿ, ಸೇಲಂ ಜಿಲ್ಲೆಗಳ ಕೂಲಿಗಳು. ಅವರಲ್ಲಿ ಬೆಟ್ಟದ ಮಲಯಾಳಿ ಬುಡಕಟ್ಟಿನವರೂ ಇದ್ದರು. ಅಂಥವರನ್ನು ಕಾಡಿಗೆ ಕರೆದೊಯ್ಯುವವನು ಏಜೆಂಟ್. ದೊಡ್ಡ ಕೂಲಿಯ ಆಸೆ ತೋರಿಸುವವನೂ ಅವನೇ. ಮರದ ಹಣ ಹೋಗುವುದು ಎಲ್ಲೋ ದೂರದ ವ್ಯಾಪಾರಿಗೆ. ಗುಂಡು ಬಿದ್ದದ್ದು ಕೊಡಲಿ ಹಿಡಿದವನಿಗೆ. ಅವರು ಕಳ್ಳರೋ ಅಲ್ಲವೋ, ಅದನ್ನು ನ್ಯಾಯಾಲಯ ಹೇಳಬೇಕಿತ್ತು. ಗಡಿಯಾಚೆ ಹೋದ ಬಡವನಿಗೆ ವಿಚಾರಣೆಯ ಮೊದಲೇ ತೀರ್ಪಾಗುತ್ತದೆ. ಆ ಇಪ್ಪತ್ತು ಮನೆಗಳಿಗಾಗಿ ನಾವು ಮೇಣದಬತ್ತಿ ಹಚ್ಚಿದೆವು. ಇಂದು ಜಾರ್ಖಂಡಿನ ಹುಡುಗನೊಬ್ಬ ಸಂಜೆ ಅಂಗಡಿ ಬೀದಿಯಲ್ಲಿ ನಡೆದುಹೋದರೆ "ಕಳ್ಳನಿರಬೇಕು" ಎನ್ನುವವರು ಆ ಮೇಣದಬತ್ತಿಯನ್ನು ನೆನೆಸಿಕೊಳ್ಳಿ.

ಇನ್ನೊಂದು ಸಂಗತಿ. 2023ರ ಮಾರ್ಚಿನಲ್ಲಿ, ಹೋಳಿ ಹಬ್ಬದ ಸಮಯಕ್ಕೆ ಸರಿಯಾಗಿ, ತಮಿಳುನಾಡಿನಲ್ಲಿ ಬಿಹಾರದವರನ್ನು ಕೊಲ್ಲುತ್ತಿದ್ದಾರೆ ಎಂದು ಸುಳ್ಳು ವಿಡಿಯೋಗಳು ಹರಡಿದವು. ಬಿಹಾರದಿಂದ ಅಧಿಕಾರಿಗಳ ತಂಡ ಬಂದು ನೋಡಿ ಹೋಯಿತು. ಸುಳ್ಳು ಹಬ್ಬಿಸಿದವರ ಮೇಲೆ ಪೊಲೀಸರು ಕೇಸು ಹಾಕಿದರು. ಆಗ ನಾವೆಲ್ಲ "ನಮ್ಮನ್ನು ಕೊಲೆಗಡುಕರೆಂದರಲ್ಲ" ಎಂದು ನೊಂದುಕೊಂಡೆವು. ಅಲ್ಲಿ ನಮ್ಮ ಮೇಲೆ ಕಟ್ಟಿದ ಸುಳ್ಳು ಸುಳ್ಳಾದರೆ, ಇಲ್ಲಿ ಅವರ ಮೇಲೆ ಫೋನಿನಿಂದ ಫೋನಿಗೆ ದಾಟಿಸುವ ಸುಳ್ಳು ಹೇಗೆ ನಿಜವಾಗುತ್ತದೆ?

ಹಾಗಾದರೆ ಇಲ್ಲಿಗೆ ಬಂದಿರುವ ಇವರು ಯಾರು? ಕೇಳಿದ್ದೀರಾ? ಧನ್‌ಬಾದಿನಿಂದ ಆಲಪ್ಪುಳಕ್ಕೆ ಹೋಗುವ ರೈಲು ರಾಂಚಿಯಲ್ಲಿ ಅವರನ್ನು ಹತ್ತಿಸಿಕೊಂಡು ಎರಡು ದಿನದ ಮೇಲೆ ಸೇಲಂ ಜಂಕ್ಷನ್ನಿನಲ್ಲಿ ಇಳಿಸುತ್ತದೆ. ಗುಮ್ಲಾ, ಸಿಮ್ಡೇಗಾ, ಖೂಂಟಿ ಕಡೆಯ ಉರಾಂವ್, ಮುಂಡಾ, ಖಡಿಯಾ ಜನ ಅವರಲ್ಲಿ ಇದ್ದಾರೆ. ತಮ್ಮ ತಮ್ಮಲ್ಲಿ ಸಾದ್ರಿ ಆಡುತ್ತಾರೆ. ನಾವು ಅದನ್ನೆಲ್ಲ 'ಹಿಂದಿ' ಎಂದು ಒಂದೇ ಮೂಟೆಯಲ್ಲಿ ಕಟ್ಟಿಬಿಡುತ್ತೇವೆ, ನಮ್ಮವರನ್ನು ಉತ್ತರದವರು 'ಮದ್ರಾಸಿ' ಎಂದು ಕಟ್ಟಿದ ಹಾಗೆ. ಅವರ ಮುತ್ತಜ್ಜಂದಿರನ್ನೂ ತೋಟದ ಏಜೆಂಟರು ಬಿಡಲಿಲ್ಲ. ನಮ್ಮವರನ್ನು ಸಿಲೋನಿಗೆ ಒಯ್ದ ಕಾಲದಲ್ಲೇ ಅವರನ್ನು ಅಸ್ಸಾಮಿನ ಟೀ ತೋಟಗಳಿಗೆ ಒಯ್ದರು. ಮುಂಗಡ ಪಡೆದ ಕೂಲಿ ಕೆಲಸ ಬಿಟ್ಟು ಓಡಿದರೆ ಮೂರು ತಿಂಗಳವರೆಗೆ ಜೈಲಿಗೆ ಹಾಕಲು 1859ರಲ್ಲಿ ಬ್ರಿಟಿಷರು ಮಾಡಿದ ಕಾನೂನು ಅವರ ಮೇಲೂ ನಮ್ಮ ಮೇಲೂ ಒಂದೇ ಆಗಿ ಬಿತ್ತು. 1925ರಲ್ಲಿ ಅದನ್ನು ರದ್ದು ಮಾಡಲು ಕಾಯ್ದೆ ಬರುವವರೆಗೂ ಅದು ಇತ್ತು. ನಾವೂ ಅವರೂ ಒಂದೇ ಮೇಸ್ತ್ರಿಯ ಪುಸ್ತಕದ ಎರಡು ಪುಟಗಳು.

ಅವರಲ್ಲಿ ಅನೇಕರು ನಮ್ಮ ಶ್ರೀಸಭೆಯವರು ಎಂಬುದು ನಿಮಗೆ ಗೊತ್ತೇ? ಬೆಲ್ಜಿಯಂ ದೇಶದ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವನ್ಸ್ 1885ರಲ್ಲಿ ಛೋಟಾನಾಗಪುರಕ್ಕೆ ಹೋದರು. ಜಮೀನ್ದಾರರ ಬಿಟ್ಟಿ ಚಾಕರಿಯಲ್ಲಿ, ಸುಳ್ಳು ಗೇಣಿ ದಾವೆಗಳಲ್ಲಿ ಸಿಕ್ಕಿದ್ದ ಆದಿವಾಸಿಗಳಿಗೆ ಕಾನೂನು ಹೇಳಿಕೊಟ್ಟು ಕೋರ್ಟಿನಲ್ಲಿ ನಿಲ್ಲಿಸಿದರು. ಜನ ಸಾವಿರಗಟ್ಟಲೆ ದೀಕ್ಷಾಸ್ನಾನಕ್ಕೆ ಬಂದದ್ದು ಅದರ ಹಿಂದೆ. ಆ ಗುರುಗಳು ಮೊದಲು ಮಾಡಿದ್ದು ಗೇಣಿಯ ಲೆಕ್ಕ! ಆ ಜನರ ಮೊಮ್ಮಕ್ಕಳು ಈಗ ಭಾನುವಾರ ನಮ್ಮ ದೇವಾಲಯದ ಬಾಗಿಲ ಬಳಿ ಚಪ್ಪಲಿಗಳ ಪಕ್ಕದಲ್ಲಿ ನಿಲ್ಲುತ್ತಾರೆ. ಶಿಲುಬೆಯ ಗುರುತು ನಮಗಿಂತ ಚೆನ್ನಾಗಿ ಹಾಕುತ್ತಾರೆ. ಒಳಗೆ ಬನ್ನಿ, ಬೆಂಚಿನಲ್ಲಿ ಕೂತುಕೊಳ್ಳಿ ಎಂದು ಹೇಳಿದವರು ಎಷ್ಟು ಮಂದಿ? ಉಪದೇಶಿಗಳಾದ ನಾವು ಮೊದಲು ಹೇಳಬೇಕಾದ ಮಾತು ಅದು.

ಈಗ ಕಾನೂನಿನ ಮಾತು. ಸ್ವಲ್ಪ ಒಣ ವಿಷಯ, ಆದರೂ ಗಮನವಿಟ್ಟು ಕೇಳಿ. ಒರಿಸ್ಸಾದಲ್ಲಿ 'ದಾದನ್' ಎಂದು ಕರೆಯುತ್ತಿದ್ದ ಮುಂಗಡದ ಕೂಲಿ ಸಾಗಾಟದ ಅನ್ಯಾಯ ಬೆಳಕಿಗೆ ಬಂದ ಮೇಲೆ 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಐದು ಮಂದಿಯನ್ನು ಹೊರರಾಜ್ಯದಿಂದ ತಂದರೂ ಅದು ಅನ್ವಯಿಸುತ್ತಿತ್ತು. ಫೋಟೋ ಅಂಟಿಸಿದ ಪಾಸ್‌ಬುಕ್, ಅದೇ ಕೆಲಸ ಮಾಡುವ ಸ್ಥಳೀಯನಷ್ಟೇ ಕೂಲಿ, ಬರುವ ಹೋಗುವ ರೈಲು ಖರ್ಚು, ಪ್ರಯಾಣದ ದಿನಗಳ ಕೂಲಿ, ಊರು ಬಿಟ್ಟು ಬಂದದ್ದಕ್ಕೆ ತಿಂಗಳ ಕೂಲಿಯ ಅರ್ಧದಷ್ಟು ಭತ್ಯೆ, ಇರಲು ಜಾಗ, ಔಷಧಿ, ಇಷ್ಟನ್ನೂ ಕೊಡಬೇಕಿತ್ತು. ನಮ್ಮ ತೋಟಗಳ ಸುತ್ತ ಆ ಪಾಸ್‌ಬುಕ್ಕನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ಮುಂದೆ ಬಂದು ಹೇಳಲಿ.

2020ರಲ್ಲಿ ಪಾರ್ಲಿಮೆಂಟು ಆ ಕಾಯ್ದೆಯನ್ನೂ ನಮ್ಮ 1951ರ ತೋಟ ಕಾಯ್ದೆಯನ್ನೂ ಸೇರಿಸಿ ಒಂದೇ ಸಂಹಿತೆ ಮಾಡಿತು. 2025ರ ನವೆಂಬರ್ 21ರಿಂದ ಅದನ್ನು ಜಾರಿಗೆ ತಂದಿದ್ದಾರೆ. ಐದು ಮಂದಿ ಎಂಬುದು ಹತ್ತಾಯಿತು. ಊರು ಬಿಟ್ಟು ಬಂದದ್ದರ ಭತ್ಯೆ ಹಾರಿಹೋಯಿತು. ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕಾಗುವುದು ಐವತ್ತು ಆಳು ಮುಟ್ಟಿದ ಮೇಲೆ. ನಲವತ್ತೊಂಬತ್ತು ಆಳಿನ ಮೇಸ್ತ್ರಿಗಳು ಎಷ್ಟು ಮಂದಿ ಹುಟ್ಟುತ್ತಾರೋ ನೋಡುತ್ತಿರಿ. ಒಳ್ಳೆಯದೇನೂ ಇಲ್ಲವೇ ಎಂದರೆ ಇದೆ. ಮೇಸ್ತ್ರಿಯಿಲ್ಲದೆ ತಾನಾಗಿ ಬಂದವನೂ ಈಗ ವಲಸೆ ಕಾರ್ಮಿಕನೇ, ತಿಂಗಳಿಗೆ 18,000 ರೂಪಾಯಿಯವರೆಗೆ ಕೂಲಿ ಇರುವವರು ಅದರಲ್ಲಿ ಬರುತ್ತಾರೆ. ಆ ಜಾಗದ ಉಳಿದ ಕೆಲಸಗಾರರಿಗೆ ಇರುವ ಸೌಲಭ್ಯವೆಲ್ಲ, ಪಿ.ಎಫ್., ಇ.ಎಸ್.ಐ. ಸಹಿತ, ಅವನಿಗೂ ಸಿಗಬೇಕು. ಊರಿಗೆ ಹೋಗಿ ಬರುವ ಖರ್ಚು ಕೊಡಬೇಕು. ರೇಷನ್ನನ್ನು ತನ್ನ ಊರಿನಲ್ಲಿ ಇಲ್ಲವೆ ದುಡಿಯುವ ಊರಿನಲ್ಲಿ ಪಡೆಯಬಹುದು. ಬರಹದಲ್ಲಿ ಇದಿಷ್ಟು ಇದೆ. ಕೇಳುವವರಿಲ್ಲದಿದ್ದರೆ ಇದೂ ಆ ಪಾಸ್‌ಬುಕ್ಕಿನ ದಾರಿ ಹಿಡಿಯುತ್ತದೆ.

ಇದಕ್ಕೆಲ್ಲ ಮೇಲೆ ಸಂವಿಧಾನವಿದೆ. 1982ರ ಏಷ್ಯಾಡ್ ಕ್ರೀಡೆಗೆ ದಿಲ್ಲಿಯಲ್ಲಿ ಕಟ್ಟಡ ಕಟ್ಟಲು ಹೊರ ರಾಜ್ಯಗಳಿಂದ ಕೂಲಿಗಳನ್ನು ತಂದಿದ್ದರು. ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಜಮಾದಾರ ತಲೆಗೆ ಒಂದು ರೂಪಾಯಿ ಹಿಡಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಭಗವತಿಯವರ ಪೀಠ ತೀರ್ಪು ಕೊಟ್ಟಿತು. ಹಸಿವೂ ಒಂದು ಬಲವಂತ ಎಂದು ಒಪ್ಪಿಕೊಂಡಿತು. ಒಂದು ರೂಪಾಯಿಯಿಂದ ಹುಟ್ಟಿದ ತೀರ್ಪು ಅದು. ನಮ್ಮ ಮೇಸ್ತ್ರಿಗಳು ತಲೆಗೆ ಎಷ್ಟು ಹಿಡಿಯುತ್ತಾರೆಂದು ಕೇಳಿ ನೋಡಿ.

ಧಣಿಗೆ ಈ ಕಷ್ಟಜೀವಿಗಳ ಮೇಲೆ ಪ್ರೀತಿ ಎಷ್ಟೆಂಬುದನ್ನು 2020ರ ಲಾಕ್‌ಡೌನ್ ತೋರಿಸಿತು. ಮಾರ್ಚ್ 25ರಿಂದ ಕೆಲಸವಿಲ್ಲ, ಕೂಲಿಯಿಲ್ಲ. ಮೇ ತಿಂಗಳಲ್ಲಿ ಊರಿಗೆ ರೈಲು ಬಿಟ್ಟಾಗ ಬೆಂಗಳೂರಿನಲ್ಲಿ ಕಟ್ಟಡದ ಕಂಪನಿಯವರು ಮುಖ್ಯಮಂತ್ರಿಯನ್ನು ಕಂಡರು. ಒಡನೆಯೇ ಕರ್ನಾಟಕ ಸರಕಾರ ರೈಲು ಬೇಡವೆಂದು ರೈಲ್ವೆಗೆ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮತ್ತೆ ರೈಲು ಬಿಟ್ಟರು. ಬೇಕಾದಾಗ ರೈಲಿನಲ್ಲಿ ತರಿಸುವುದು, ಹೋಗುತ್ತೇನೆಂದರೆ ರೈಲು ನಿಲ್ಲಿಸುವುದು! ಆ ಮೇ 8ರಂದು ಮಹಾರಾಷ್ಟ್ರದ ಔರಂಗಾಬಾದಿನ ಹತ್ತಿರ ನಡೆದು ದಣಿದು ಹಳಿಯ ಮೇಲೆ ಮಲಗಿದ್ದ 16 ಮಂದಿಯ ಮೇಲೆ ಗೂಡ್ಸ್ ರೈಲು ಹರಿಯಿತು.

ನಮ್ಮ ಕೂಟದಲ್ಲಿ ಇದನ್ನು ಎತ್ತಿದಾಗ ಎದ್ದು ನಿಂತು ಎದುರು ಮಾತಾಡಿದವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ. "ಅವರು ಬಂದ ಮೇಲೆ ನಮಗೆ ಕೆಲಸದ ದಿನ ಕಡಿಮೆಯಾಯಿತು" ಎಂದು ಒಬ್ಬ ಅಕ್ಕ ಹೇಳಿದರು. ನಿಜ. ಆದರೆ ಅವನ ಕೂಲಿಯೂ ನಮ್ಮ ಕೂಲಿಯೂ ಒಂದೇ ಆದ ದಿನ, ಅವನ ಹೆಸರೂ ಚೆಕ್‌ರೋಲಿಗೆ ಏರಿದ ದಿನ, ಎರಡು ದಿನದ ರೈಲು ದಾರಿಯಿಂದ ಆಳು ತರಿಸುವ ಉಮೇದು ಯಾವ ಧಣಿಗೆ ಉಳಿಯುತ್ತದೆ? ನಮ್ಮ ಕೆಲಸ ಉಳಿಯುವುದು ಅವನ ಕೂಲಿ ಏರಿದರೆ. ಅವನನ್ನು ಓಡಿಸಿದರೆ ಮೇಸ್ತ್ರಿ ಅವನಿಗಿಂತ ಹಸಿದ ಇನ್ನೊಬ್ಬನನ್ನು ತರುತ್ತಾನೆ, ಅಷ್ಟೆ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು: ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಹೊಸೂರಿನ ಕಾರ್ಖಾನೆಗೆ, ಬೆಂಗಳೂರಿಗೆ ತಾವಾಗಿಯೇ ಹೋಗಿದ್ದಾರೆ. ತೋಟದ ಕೆಲಸ ಬೇಡ ಎಂದು ಓದಿಸಿದವರು ನಾವೇ. ಅವರು ಬಿಟ್ಟುಹೋದ ಸಾಲಿನಲ್ಲಿ ನಿಂತವನನ್ನು ಕಳ್ಳ ಎನ್ನುವುದು ಎಲ್ಲಿಯ ನ್ಯಾಯ?

ಕೆಲವು ಸಂಘದ ಮುಂದಾಳುಗಳ ಮಾತು ಬೇರೆ. "ಮೂರು ತಿಂಗಳಿದ್ದು ಹೋಗುವವರು, ಚಂದಾ ಕಟ್ಟುವುದಿಲ್ಲ, ಇಲ್ಲಿ ಓಟಿಲ್ಲ, ಅವರನ್ನು ಸೇರಿಸಿ ಏನು ಪ್ರಯೋಜನ?" ಎನ್ನುತ್ತಾರೆ. ಸಿಲೋನಿನಲ್ಲಿ ಓಟಿಲ್ಲದ ಕೂಲಿಯ ಗತಿ ಏನಾಯಿತೆಂದು ಇವರಿಗೆ ಮರೆತುಹೋಗಿದೆ. 1948ರಲ್ಲಿ ಅಲ್ಲಿನ ಪೌರತ್ವ ಕಾಯ್ದೆ ತೋಟದ ತಮಿಳರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಮರುವರ್ಷ ಓಟೂ ಹೋಯಿತು. 1964ರ ಅಕ್ಟೋಬರಿನಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಕೂತು 5,25,000 ಮಂದಿ ಇಂಡಿಯಾಕ್ಕೆ, 3,00,000 ಮಂದಿ ಸಿಲೋನಿಗೆ ಎಂದು ಹಂಚಿಕೊಂಡರು. ಉಳಿದ ಒಂದೂವರೆ ಲಕ್ಷದ ಲೆಕ್ಕ ಬಗೆಹರಿಯಲು ಇನ್ನೂ ಹತ್ತು ವರ್ಷ ಬೇಕಾಯಿತು. ದನದ ಸಂತೆಯಲ್ಲೂ ದನದ ಹಲ್ಲು ನೋಡುತ್ತಾರೆ. ಇವರ ಮುಖವನ್ನೂ ಯಾರೂ ನೋಡಲಿಲ್ಲ. ಓಟಿಲ್ಲದವನು ಬೇಡ ಎನ್ನುವ ಸಂಘ ಯಾರ ಸಂಘ? ಸೇಲಂನಿಂದ ಹೋದ ನಮ್ಮವರಿಗೆ ಅಲ್ಲಿ ಯಾವ ಸಂಘವೂ ಬಾಗಿಲು ತೆರೆಯದಿದ್ದರೆ ಏನಾಗುತ್ತಿತ್ತು?

ಪವಿತ್ರ ಗ್ರಂಥದಲ್ಲಿ ಇದಕ್ಕೆ ಉತ್ತರ ಹುಡುಕಬೇಕಾಗಿಲ್ಲ, ಎದುರಿಗೇ ಇದೆ. ನಿಮ್ಮ ನಡುವೆ ಇರುವ ಪರದೇಶಿಯನ್ನು ಸ್ವದೇಶದವನಂತೆಯೇ ನೋಡಬೇಕು, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂಬುದು ಯಾಜಕಕಾಂಡದ 19ನೆಯ ಅಧ್ಯಾಯದ ಆಜ್ಞೆ. ಧರ್ಮೋಪದೇಶಕಾಂಡ 24ನೆಯ ಅಧ್ಯಾಯದಲ್ಲಿ, ಕೂಲಿಯವನು ನಿಮ್ಮವನಾಗಲಿ ಅನ್ಯನಾಗಲಿ, ಹೊತ್ತು ಮುಳುಗುವ ಮೊದಲು ಅವನ ಕೂಲಿ ಅವನ ಕೈಗೆ ಸೇರಬೇಕೆಂದಿದೆ. ಮೇಸ್ತ್ರಿಯ ಕೈಗೆ ಎಂದಿಲ್ಲ. ಪೋಪ್ ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ, ಊರು ಬಿಟ್ಟು ದುಡಿಯಲು ಹೋದವನಿಗೆ ಹಕ್ಕಿನಲ್ಲಿ ಯಾವ ಕೊರತೆಯೂ ಆಗಬಾರದೆಂದು ಹೇಳಿದರು.

ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಕತೆ ನಮಗೆಲ್ಲ ಬಾಯಿಪಾಠ. ಸಂಜೆ ಐದಕ್ಕೆ ಬಂದವನಿಗೂ ಬೆಳಗಿನಿಂದ ದುಡಿದವನಷ್ಟೇ ಕೂಲಿ. ನನ್ನ ಹಣವನ್ನು ನನ್ನಿಷ್ಟದಂತೆ ಕೊಡುವ ಹಕ್ಕು ನನಗಿಲ್ಲವೇ ಎಂದು ಯಜಮಾನ ಕೇಳುವ ಜಾಗವನ್ನು ತೋಟದ ಧಣಿಗಳು ಬಲು ಇಷ್ಟಪಟ್ಟು ನೆನಪಿಟ್ಟುಕೊಂಡಿರುತ್ತಾರೆ. ಆ ಯಜಮಾನ ಕೂಲಿಯನ್ನು ಏರಿಸಿ ಸಮ ಮಾಡಿದ, ಇಳಿಸಿ ಅಲ್ಲ ಎಂಬುದನ್ನು ಮಾತ್ರ ಮರೆತಿರುತ್ತಾರೆ. ನಮ್ಮ ಪಾಲಿಗೆ ಆ ಕತೆಯಲ್ಲಿ ಇನ್ನೊಂದು ಸಂಗತಿ ಇದೆ. ಅಲ್ಲಿ ಗೊಣಗಿದವನು ಧಣಿಯಲ್ಲ, ಮೇಸ್ತ್ರಿಯಲ್ಲ. ಮೊದಲು ಬಂದ ಕೂಲಿಗಳು. ಕೊನೆಗೆ ಬಂದವರನ್ನು ನಮಗೆ ಸರಿಸಮ ಮಾಡಿದಿರಲ್ಲ ಎಂಬುದೇ ಅವರ ದೂರು. ಯೇಸುಸ್ವಾಮಿ ಆ ಗೊಣಗನ್ನು ಕತೆಯಿಂದ ಬಿಡಲಿಲ್ಲ.

ಈಗ ಕೆಲಸದ ಮಾತು. ಡಿಸೆಂಬರಿನಿಂದ ಹಣ್ಣು ಕೊಯ್ಲು. ಮೇಸ್ತ್ರಿಗಳ ತಂಡ ಬರುತ್ತದೆ. ನಮ್ಮ ಬೇಡಿಕೆಯ ಪತ್ರದಲ್ಲಿ ಈ ಸಲ ಮೊದಲನೆಯ ಸಾಲು ಇದು: ಯಾವ ಊರಿನಿಂದ ಬಂದಿರಲಿ, ಒಂದೇ ಕೆಲಸಕ್ಕೆ ಒಂದೇ ಕೂಲಿ, ಹೆಸರು ಚೆಕ್‌ರೋಲಿನಲ್ಲಿ, ಹಣ ದುಡಿದವನ ಕೈಗೆ. ಸಂಘದ ಸೇರ್ಪಡೆ ಕಾಗದವನ್ನು ಹಿಂದಿಯಲ್ಲಿ ಬರೆಸುತ್ತಿದ್ದೇವೆ. ಬೆಂಗಳೂರಿನಲ್ಲಿ ದುಡಿದು ಹಿಂದಿ ಕಲಿತು ಬಂದ ನಮ್ಮ ಹುಡುಗರು ಎಲ್ಲ ತೋಟದಲ್ಲಿಯೂ ಇದ್ದಾರೆ, ಅವರು ಬರಬೇಕು. ಸುಗ್ಗಿಯ ಮೂರು ತಿಂಗಳು ಅವರ ಚಂದಾ ಕೇಳಬಾರದೆಂದು ನಾವು ಸಂಘದಲ್ಲಿ ವಾದಿಸುತ್ತೇವೆ. ಒಬ್ಬೊಬ್ಬರಿಗೂ ಒಂದು ಸಣ್ಣ ನೋಟುಪುಸ್ತಕ ಕೊಟ್ಟು, ದಿನದಿನದ ಹಾಜರಿ, ಕೊಯ್ದ ಹಣ್ಣಿನ ತೂಕ, ಕೈಗೆ ಬಂದ ಹಣ, ಮೂರನ್ನೂ ಬರೆದಿಡಲು ಹೇಳಿಕೊಡಬೇಕು. ಅಕ್ಷರ ಬಾರದವರಿಗೆ ಗೀಟು ಎಳೆಯುವುದನ್ನು ತೋರಿಸಿದರೆ ಸಾಕು. ಕಾರ್ಮಿಕ ಅಧಿಕಾರಿಯ ಮುಂದೆ ಗೀಟೂ ಸಾಕ್ಷಿಯಾಗಿ ನಿಲ್ಲುತ್ತದೆ.

ಕೊಯ್ಲು ಆರಂಭವಾದ ಮೇಲಿನ ಎರಡನೆಯ ಭಾನುವಾರ ಪೂಜೆ ಮುಗಿದ ನಂತರ ದೇವಾಲಯದ ಹಿಂದಿನ ಚಪ್ಪರದಲ್ಲಿ ಸೇರಿ, ಅಲ್ಲಿಂದ ಅವರ ಶೆಡ್ಡುಗಳಿಗೆ ಹೋಗೋಣ. ಹೆಂಗಸರು ಬಂದರೆ ಒಳ್ಳೆಯದು, ಏಕೆಂದರೆ ಅವರಲ್ಲಿಯೂ ಹೆಂಗಸರಿದ್ದಾರೆ, ಗಂಡಸರ ಎದುರು ಬಾಯಿ ಬಿಡುವುದಿಲ್ಲ. ನೋಟುಪುಸ್ತಕ ನಾವು ತರುತ್ತೇವೆ. ಪೆನ್ಸಿಲನ್ನು ಮನೆಯಿಂದ ಒಂದೊಂದು ತನ್ನಿ.